ಲಗೋರಿಯಲ್ಲಿ ನನ್ನನ್ನು ಯಾರೂ ಔಟ್ ಮಾಡಲಿಲ್ಲ

ಕಳೆದ ಗುರುವಾರ ಸಂಜೆ ನಾನು ಲಗೋರಿ ಆಡಿದೆ. ಚೆಂಡು ಬೆನ್ನಿಗೆ ಮೂರು ಸಲ ಬಿತ್ತು, ಮೊಣಕಾಲಿಗೆ ಎರಡು ಸಲ, ನೆತ್ತಿಗೆ ಒಂದು ಸಲ. (ಡೈರಿ ನೋಡಿಯೇ ಹೇಳುತ್ತಿದ್ದೇನೆ.) ಆದರೂ ಯಾರೂ ನನ್ನನ್ನು ಔಟ್ ಅನ್ನಲಿಲ್ಲ.

ಲಗೋರಿಯ ಕಾನೂನು ನಿಮಗೆ ಗೊತ್ತು. ಚೆಂಡು ಎಸೆದು ಕಲ್ಲಿನ ಗೋಪುರ ಕೆಡವಬೇಕು, ಎದುರಿನವರು ಚೆಂಡಿನಿಂದ ಹೊಡೆಯುವ ಮೊದಲು ಮತ್ತೆ ಕಟ್ಟಬೇಕು. ಚೆಂಡು ಮೈಗೆ ತಾಗಿತೋ, ಹೊರಗೆ. ಇದರಲ್ಲಿ ಅಡ್ಜಸ್ಟ್‌ಮೆಂಟ್ ಇಲ್ಲ.

ಹಾಗಾದರೆ ನನಗೇಕೆ ಮಾಫಿ? ನಾನು ಅಷ್ಟು ಚೆನ್ನಾಗಿ ಆಡಿದೆನೇ? ಅವತ್ತು ಅರ್ಧ ಗಂಟೆ ನಾನೂ ಹಾಗೇ ತಿಳಿದು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮೊದಲಿನಿಂದ ಹೇಳುತ್ತೇನೆ.

ನಾನು ನರಗುಂದದ ಮನೆಯಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿದ್ದೇನೆ. (ಯಾವ ಪರೀಕ್ಷೆ ಎಂದು ಕೇಳಬೇಡಿ. ಅರ್ಜಿ ಕರೆದ ಎಲ್ಲವಕ್ಕೂ.) ಅವ್ವ ಅಂಗನವಾಡಿ ಟೀಚರ್. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಂದ್ ಆದಾಗ ಅದರ ಕಾಂಕ್ರೀಟ್ ದುರಸ್ತಿ ನಡೆಯುತ್ತದೆ. ಈ ಸಲ ಆ ಕೆಲಸಕ್ಕೆ ಒಡಿಶಾ ಕಡೆಯಿಂದ ಒಂದಷ್ಟು ಕುಟುಂಬ ಬಂದು, ಊರ ಹೊರಗೆ ತಗಡಿನ ಶೆಡ್ ಹಾಕಿಕೊಂಡಿವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ. ಮಕ್ಕಳು? ಅವೂ ಸೈಟಿಗೆ. ಕಾಂಕ್ರೀಟ್ ಕಲಸುವ ಮಶೀನಿನ ಪಕ್ಕ, ಟಿಪ್ಪರ್ ನೆರಳಿನಲ್ಲಿ ಕೂತಿರುತ್ತಿದ್ದವು.

ಅವ್ವ ಅದನ್ನು ನೋಡಿ ಬಂದವಳು ಊಟದ ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲಿಲ್ಲ.

“ಆ ಟಿಪ್ಪರ್ ಹಿಂದ ಬಂದ್ರ ಡ್ರೈವರ್‌ಗೆ ಹುಡುಗ್ರು ಕಾಣಸ್ತಾವೇನ?” ಎಂದಳು.

ಮರುದಿನ ಹೋಗಿ ಆ ತಾಯಂದಿರನ್ನು ಕರೆದಳು. ದೊಡ್ಡವು ಸಣ್ಣವು ಅನ್ನದೆ ಎಲ್ಲ ಮಕ್ಕಳನ್ನೂ ಅಂಗನವಾಡಿಗೆ ಬಿಡಿ, ಸಂಜೆ ನಿಮ್ಮ ಕೆಲಸ ಬಿಡುವತನಕ ನಾನಿರುತ್ತೇನೆ ಎಂದಳು. ಮಧ್ಯೆ ನಿಂತು ಮಾತು ದಾಟಿಸಿದವನು ಕಾಲುವೆ ಕೆಲಸದ ಮೇಸ್ತ್ರಿ. ಅವನ ತೀರ್ಪು ಹೀಗಿತ್ತು:

“ಶನಿವಾರ ಮಟ ನೋಡ್ತಾರಂತ್ರಿ ಅಕ್ಕೋರ. ಹುಡುಗ್ರು ಅಳದ ಕುಂತ್ರ ಬಿಡ್ತಾರ. ಇಲ್ಲಂದ್ರ ವಾಪಸ್ ಸೈಟಿಗೆ.”

ಸೋಮವಾರ ಮಕ್ಕಳು ಬಂದವು. ಬಂದು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತವು. ಅವ್ವ ಹಾಡಿದಳು, ಗೋಡೆಯ ಮೇಲಿನ ಆನೆ ತೋರಿಸಿದಳು, ಶೇಂಗಾ ಉಂಡಿ ಕೊಟ್ಟಳು. ಉಂಡಿ ತಿಂದವು, ಮತ್ತೆ ಗೋಡೆಗೆ ಒರಗಿದವು. ಸಂಜೆ ಹೊತ್ತಿಗೆ ಒಂದು ಅಳತೊಡಗಿತು, ಅದನ್ನು ನೋಡಿ ಎರಡನೆಯದು. ಅಳುವಿಗೆ ಭಾಷಾಂತರ ಬೇಕಿಲ್ಲವಲ್ಲ?

ಮನೆಗೆ ಬಂದು ಅವ್ವ ನನ್ನ ಪುಸ್ತಕ ಮುಚ್ಚಿದಳು. “ರಜಾ ಐತಿ, ಓಣಿ ಹುಡುಗ್ರನ್ನೂ ಕರ್ಕೊಂಡು ಬಾ. ಏನರ ಆಟ ಆಡ್ಸು. ನಿಂದು ಹೆಂಗೂ ಓದಿ ಓದಿ ತೆಲಿ ಕಾದೈತಿ.”

ನಾನು ಬರಿಗೈಯಲ್ಲಿ ಹೋಗುವವಳಲ್ಲ. ರಾತ್ರಿ ಸ್ಕೇಲ್ ಇಟ್ಟು ಗೆರೆ ಹೊಡೆದು ಟೈಮ್‌ಟೇಬಲ್ ಮಾಡಿದೆ. ಆಟ, ಸಮಯ, ಗೆಲುವು, ಸೋಲು, ಜಗಳ, ಅಳು. ಆರು ಕಾಲಂ. ತಮಾಷೆಗೆ ಹೇಳುತ್ತಿಲ್ಲ.

ಮಂಗಳವಾರ ಮೊದಲ ಆಟ, ಕೆರೆ–ದಡ. ಸುಣ್ಣದ ಗೆರೆ. ಕೆರೆ ಎಂದರೆ ಒಳಗೆ ಜಿಗಿ, ದಡ ಎಂದರೆ ಹೊರಗೆ ಜಿಗಿ. ಇದಕ್ಕಿಂತ ಸರಳ ಆಟ ಜಗತ್ತಿನಲ್ಲಿದೆಯೇ?

ಇದೆ ಎಂದು ಎರಡೇ ನಿಮಿಷದಲ್ಲಿ ತಿಳಿಯಿತು. ಕನ್ನಡದಲ್ಲಿ ವಿವರಿಸಿದೆ. ಒಡಿಶಾ ಮಕ್ಕಳು ನನ್ನ ಬಾಯಿ ನೋಡಿದವು. ಹಿಂದಿಯಲ್ಲಿ ಹೇಳಿದೆ. (ನನ್ನ ಹಿಂದಿ ಪರೀಕ್ಷೆಯಲ್ಲಿ ಪಾಸಾಗುವಷ್ಟು ಮಾತ್ರ, ಮಾತಾಡುವಷ್ಟಿಲ್ಲ.) ಇಂಗ್ಲಿಷಿನಲ್ಲೂ ಒಂದು ಕೈ ನೋಡಿದೆ. ಕೊನೆಗೆ ಮತ್ತೆ ಕನ್ನಡಕ್ಕೇ ಬಂದೆ, ಆದರೆ ಜೋರಾಗಿ.

ಇದು ನಮ್ಮ ದೊಡ್ಡವರ ಹಳೆಯ ಚಾಳಿ. ಭಾಷೆ ತಿಳಿಯದವರು ಎದುರಾದರೆ ದನಿ ಏರಿಸುವುದು. ಒಮ್ಮೆ ಬ್ಯಾಂಕಿನಲ್ಲಿ ಹೊಸದಾಗಿ ಬಂದ ಉತ್ತರದ ಕಡೆಯ ಸಾಹೇಬರು ಅವ್ವನ ಅವ್ವ, ನಮ್ಮ ಆಯಿಗೆ ಹಿಂದಿಯಲ್ಲಿ ಕೂಗಿದರು, ಆಯಿ ಅವರಿಗೆ ಕನ್ನಡದಲ್ಲಿ ಕೂಗಿದಳು. ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು.

ಒಳಗಿನಿಂದ ಅವ್ವ ಕೂಗಿದಳು: “ಅವಕ್ಕ ಕಿವಿ ಕೇಳ್ತಾವ! ಒದರಬ್ಯಾಡ!”

ಆಟ ಶುರುವಾಯಿತು. ಓಣಿಯ ಮಕ್ಕಳು ನನ್ನ ಮಾತು ಕೇಳಿ ಜಿಗಿದವು. ಒಡಿಶಾದವು ಓಣಿ ಮಕ್ಕಳ ಕಾಲು ನೋಡಿ ಜಿಗಿದವು. ಅಂದರೆ ಅರ್ಧ ಕ್ಷಣ ತಡ. ಮೊದಲ ಸುತ್ತಿಗೇ ಅಷ್ಟೂ ಔಟ್. ಅಷ್ಟೂ ಮತ್ತೆ ಗೋಡೆಗೆ. ನಾನು ಸೋಲಿನ ಕಾಲಂ ನೀಟಾಗಿ ತುಂಬಿದೆ.

ಬುಧವಾರ ಬಂದ ಮಕ್ಕಳು ಕಡಿಮೆ. ಇನ್ನುಳಿದವನ್ನು ತಾಯಂದಿರು ಸೈಟಿಗೆ ಒಯ್ದಿದ್ದರು. ಅವ್ವ ಬಾಗಿಲಲ್ಲಿ ನಿಂತು ರಸ್ತೆ ನೋಡಿ ಒಳಗೆ ಬಂದಳು. ಎಣಿಸಿಟ್ಟಿದ್ದ ಶೇಂಗಾ ಉಂಡಿಯಲ್ಲಿ ಅರ್ಧ ಡಬ್ಬಿಗೆ ವಾಪಸ್ ಹಾಕಿದಳು.

ಬಂದವರಲ್ಲಿ ಟುನಿ ಇದ್ದಳು. ಎಂಟರ ಹುಡುಗಿ. ಸೊಂಟದ ಮೇಲೆ ಯಾವಾಗಲೂ ತಮ್ಮ ಬಾಬು. ಎರಡೂವರೆ ವರ್ಷದ ಗುಂಡುಕಲ್ಲು. ಅವನನ್ನು ಹೊತ್ತು ಹೊತ್ತು ಅವಳು ನಿಲ್ಲುವುದೇ ಒಂದು ಕಡೆ ವಾಲಿ. ಉಳಿದ ಮಕ್ಕಳೆಲ್ಲ ಅವಳ ಮುಖ ನೋಡಿಯೇ ಏಳುತ್ತಿದ್ದವು, ಕೂರುತ್ತಿದ್ದವು. ಟುನಿ ಆಟಕ್ಕಿಳಿದರೆ ಎಲ್ಲವೂ ಇಳಿಯುತ್ತವೆ, ಟುನಿ ಗೋಡೆಗೆ ಕೂತರೆ ಶನಿವಾರಕ್ಕೆ ಕಥೆ ಮುಗಿಯಿತು. ಇಷ್ಟು ನನಗೂ ತಿಳಿಯಿತು.

ಅವತ್ತಿನ ಆಟ, ಕುರ್ಚಿ ಸುತ್ತುವುದು. ಮಾತೇ ಬೇಡ! ನಾನು ತಾಟು ಬಡಿಯುವುದು, ನಿಲ್ಲಿಸಿದಾಗ ಕೂರುವುದು. ಟುನಿ ಎದ್ದು ಬಂದಳು, ಬಾಬುವಿನ ಸಮೇತ. ಓಡಿದಳು, ಅವನ ಸಮೇತ. ಕೂತಳು, ಅವನ ಸಮೇತ.

“ಅಕ್ಕಾ, ಇಬ್ರು ಒಂದ ಕುರ್ಚಿ ಮ್ಯಾಲ ಕುಂತಾರ್ರಿ! ಇದು ಮೋಸರಿ!” ಎಂದಳು ಸಾವಕ್ಕ. ನಮ್ಮ ಎದುರು ಮನೆಯವಳು, ಒಂಬತ್ತು ವರ್ಷ, ಓಣಿ ಮಕ್ಕಳ ಲೀಡರ್. ಅವಳಿಗಿರುವ ಕಾನೂನು ಜ್ಞಾನ ನನಗೆ ಇದ್ದಿದ್ದರೆ ಇಷ್ಟರಲ್ಲಿ ಪಾಸಾಗಿರುತ್ತಿದ್ದೆ.

ನಿಯಮ ಎಂದರೆ ನಿಯಮ. ನಾನು ಬಾಬುವನ್ನು ಎತ್ತಿಕೊಳ್ಳಲು ಹೋದೆ. ಅವನು ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಹಾಕಿದ ಚೀತ್ಕಾರ ನಮ್ಮೂರ ಗುಡ್ಡದ ಮೇಲಿನ ಕೋಟೆಗೂ ಕೇಳಿಸಿರಬೇಕು. ಟುನಿ ಅವನನ್ನು ಕಸಿದುಕೊಂಡು ಗೋಡೆಗೆ ಹೋದಳು. ಅವಳ ಹಿಂದೆ ಉಳಿದವು.

ಗುರುವಾರ ನಾನು ಟೈಮ್‌ಟೇಬಲ್ ತರಲಿಲ್ಲ. ಸಾವಕ್ಕ ಏಳು ಚಪ್ಪಟೆ ಕಲ್ಲು ತಂದಿದ್ದಳು. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಅವಳ ಮಾಮಾ ಕೊಡಿಸಿದ ರಬ್ಬರ್ ಚೆಂಡೂ ಇತ್ತು. ಬೇವಿನ ಮರದ ಕೆಳಗೆ ಕಲ್ಲು ಪೇರಿಸಿದಳು. ಬಿತ್ತು. ಮತ್ತೆ ಪೇರಿಸಿದಳು. ಮತ್ತೆ ಬಿತ್ತು.

ಗೋಡೆಯ ಕಡೆಯಿಂದ ಟುನಿ ಏನೋ ಅಂದಳು. ನಾಲಿಗೆ ಲೊಚಗುಟ್ಟುತ್ತ ಎದ್ದು ಬಂದಳು. ತಮ್ಮ ಸೊಂಟದಲ್ಲಿರುವಾಗಲೇ ಕುಕ್ಕರಗಾಲಲ್ಲಿ ಕೂತು, ಒಂದೇ ಕೈಯಲ್ಲಿ ದೊಡ್ಡದು ಕೆಳಗೆ, ಸಣ್ಣದು ಮೇಲೆ, ಏಳೂ ಪೇರಿಸಿದಳು. ಗೋಪುರ ಅಲುಗಲಿಲ್ಲ.

“ಏ, ಇಕಿಗೆ ಲಗೋರಿ ಬರ್ತದಲೇ!” ಎಂದು ಸಾವಕ್ಕ ಕೂಗಿದಳು.

ನಾನು ಮುಂದೆ ಬಂದು ನಿಯಮ ವಿವರಿಸಲು ಗಂಟಲು ಸರಿಮಾಡಿಕೊಂಡೆ.

“ಅಕ್ಕಾ, ಒಂದೀಟು ಸುಮ್ನಿರ್ರಿ,” ಎಂದಳು ಸಾವಕ್ಕ.

ಸುಮ್ಮನಾದೆ. ಚೆಂಡು ಒಂದು ಪುಟ ನೆಗೆದ ಮೇಲೆ ಹಿಡಿದರೆ ಲೆಕ್ಕವೋ ಇಲ್ಲವೋ ಎಂದು ಇಬ್ಬರೂ ಜಗಳಾಡಿದರು. ಸಾವಕ್ಕ ಕನ್ನಡದಲ್ಲಿ, ಟುನಿ ಒಡಿಯಾದಲ್ಲಿ. ಇಬ್ಬರೂ ಚೆಂಡು ನೆಗೆಸಿ ತೋರಿಸಿದರು, ಇಬ್ಬರೂ ತಲೆ ಅಲ್ಲಾಡಿಸಿದರು, ಇಬ್ಬರೂ ಸೊಂಟಕ್ಕೆ ಕೈಯಿಟ್ಟರು. ಆಮೇಲೆ ಒಪ್ಪಂದ ಆಯಿತು. ಏನು ಒಪ್ಪಂದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಡುವವರಿಗೆಲ್ಲ ಗೊತ್ತಿತ್ತು.

ಉಳಿದದ್ದು ಬಾಬು. ಟುನಿ ಅವನ ನೆತ್ತಿ ಮುಟ್ಟಿದಳು. ಚೆಂಡನ್ನು ಮೆಲ್ಲಗೆ ಅವನ ಹೊಟ್ಟೆಗೆ ತಾಗಿಸಿದಳು. ಆಮೇಲೆ ಅಂಗೈ ಬೀಸಿ ಗಾಳಿ ಒರೆಸಿದಂತೆ ಮಾಡಿದಳು.

ಸಾವಕ್ಕನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. “ಹೂಂ ಹೂಂ! ಆಟಕ್ಕುಂಟು, ಲೆಕ್ಕಕ್ಕಿಲ್ಲ!”

ನಾವೆಲ್ಲ ಹಾಗೇ ಅಲ್ಲವೇ ಆಟ ಕಲಿತದ್ದು? ಬೆನ್ನು ಬಿಡದ ತಂಗಿ, ಅಳುಬುರುಕ ತಮ್ಮ. ಬಿಟ್ಟು ಆಡಿದರೆ ಮನೆಯಲ್ಲಿ ಬೈಗುಳ, ಸೇರಿಸಿಕೊಂಡರೆ ಆಟ ಹಾಳು. ಅದಕ್ಕೇ ಮಕ್ಕಳು ಈ ಕಾಯ್ದೆ ಮಾಡಿಕೊಂಡಿದ್ದಾರೆ. ಓಡಲಿ, ಕೂಗಲಿ, ಚೆಂಡು ತಾಗಿದರೂ ಔಟ್ ಇಲ್ಲ. ಅದು ನಮ್ಮ ಓಣಿಯದು ಮಾತ್ರ ಎಂದು ನಾನು ತಿಳಿದಿದ್ದೆ. ಒಡಿಶಾದಲ್ಲೂ ಇದೆ.

ಆಗ ಟುನಿ ನನ್ನ ಕಡೆ ಕೈ ಮಾಡಿ ಏನೋ ಕೇಳಿದಳು. ಸಾವಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕು ತಲೆಯಾಡಿಸಿದಳು. ನನ್ನನ್ನು ಕ್ಯಾಪ್ಟನ್ ಮಾಡಿದರು ಎಂದುಕೊಂಡೆ.

ಆಡಿದೆ. ಚೆಂಡು ಬಿತ್ತು. ಔಟ್ ಇಲ್ಲ. ಮತ್ತೆ ಬಿತ್ತು. ಇಲ್ಲ. ನನ್ನ ಆಟಕ್ಕೆ ನಾನೇ ಬೆರಗಾಗುತ್ತಿರುವಾಗ ನೆಲಕ್ಕಿಳಿದ ಬಾಬು ಅಂಗಳದ ನಡುವೆ ತಟ್ಟಾಡುತ್ತ ಬಂದ. ಚೆಂಡು ಅವನಿಗೂ ತಾಗಿತು. ಔಟ್ ಇಲ್ಲ.

ನಾನು ನಿಂತೆ. ಬಾಬು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

“ಸಾವಕ್ಕ, ನಾ ಯಾವ ಟೀಮ್?”

“ನೀವು ಬಾಬುನ ಟೀಮ್‌ರಿ.”

ಅರ್ಥವಾಯಿತಲ್ಲ? ಡಿಗ್ರಿ ಮುಗಿಸಿದವಳು, ಆರು ಕಾಲಂ ಗೆರೆ ಹೊಡೆದವಳು, ಎರಡೂವರೆ ವರ್ಷದವನ ದರ್ಜೆಗೆ ಇಳಿದಿದ್ದೆ.

ಆದರೆ ಬಾಬು ಬಂದು ನನ್ನ ಚೂಡಿದಾರದ ತುದಿ ಹಿಡಿದುಕೊಂಡ. ನಿನ್ನೆ ನನ್ನನ್ನು ನೋಡಿ ಕೋಟೆ ನಡುಗಿಸಿದವನೇ. ನಿನ್ನೆ ನಾನು ಎತ್ತಿಕೊಳ್ಳಲು ಬಂದ ದೊಡ್ಡವಳು, ಇವತ್ತು ಜೋಡಿ ಆಟಗಾರ್ತಿ. ಇಬ್ಬರೂ ಕೂಡಿ ಅಡ್ಡಾದಿಡ್ಡಿ ಓಡಿದೆವು, ಎಲ್ಲರ ಕಾಲಿಗೆ ತೊಡರಿದೆವು, ಬೈಸಿಕೊಂಡೆವು.

ಟುನಿ ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ ನೋಡಲಿಲ್ಲ. ಚೆಂಡಿನ ಹಿಂದೆ ಓಡಿದಳು, ಎರಡೂ ಕೈ ಬೀಸಿಕೊಂಡು, ನೆಟ್ಟಗೆ. ಗೋಡೆ ಖಾಲಿಯಾಗಿತ್ತು.

ಸಂಜೆ ಅವಳ ತಾಯಿ ಬಂದಳು. ಸೀರೆಯ ಅಂಚಿಗೆ ಸಿಮೆಂಟ್ ಒಣಗಿತ್ತು. ಗೇಟಿನಲ್ಲಿ ನಿಂತಳು, ಮಗಳನ್ನು ನೋಡಿದಳು, ಕರೆಯಲಿಲ್ಲ. ಕೈಯಲ್ಲಿದ್ದ ಬುತ್ತಿ ಡಬ್ಬಿ ಕೆಳಗಿಟ್ಟು ನೋಡುತ್ತ ನಿಂತಳು. ಕಡೆಗೆ ಅವ್ವನಿಗೆ ಉದ್ದಕ್ಕೆ ಏನೋ ಹೇಳಿದಳು. ಅವ್ವ “ಹೂಂನವಾ, ಹೂಂ ಹೂಂ” ಎಂದಳು.

“ಏನಂದ್ಲಬೇ?” ಎಂದೆ.

“ಯಾರಿಗ್ಗೊತ್ತು? ನಾಳೆ ಕಳಸ್ತಾಳ.”

ಕಳಿಸಿದಳು. ಶುಕ್ರವಾರ ಉಳಿದವರೂ ಕಳಿಸಿದರು. ಶನಿವಾರ ಮೇಸ್ತ್ರಿ ಬಂದು ಅಂಗಳ ನೋಡಿ, ಮಾತು ದಾಟಿಸುವ ಕೆಲಸವೇ ಇಲ್ಲದೆ ಚಹಾ ಕುಡಿದು ಹೋದ. ಟಿಪ್ಪರ್ ನೆರಳಿನಲ್ಲಿ ಈಗ ಮಕ್ಕಳಿಲ್ಲ. ಅವ್ವ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಒಂದು ಮಾತು ಮಾತ್ರ ತಲೆಯಲ್ಲಿ ಕೂತಿದೆ. ಮಕ್ಕಳು ಲೆಕ್ಕದಿಂದ ಬಿಡುವುದು ಪ್ರೀತಿಗೆ, ಆಟದಲ್ಲಿ ಉಳಿಸಿಕೊಳ್ಳಲಿಕ್ಕೆ. ನಾವು ದೊಡ್ಡವರು ಬಿಡುವುದು? ಟುನಿಯ ತಾಯಿ ಕಾಂಕ್ರೀಟ್ ಹಾಕಿದ ಕಾಲುವೆಯಲ್ಲಿ ಮಳೆಗಾಲದ ಹೊತ್ತಿಗೆ ನಮ್ಮ ಹೊಲಗಳಿಗೆ ನೀರು ಹರಿಯುತ್ತದೆ. ಅಷ್ಟರಲ್ಲಿ ಅವಳು ಇನ್ನೊಂದು ಊರಿನ ಶೆಡ್ಡಿನಲ್ಲಿರುತ್ತಾಳೆ. ಕೆಲಸಕ್ಕುಂಟು, ಲೆಕ್ಕಕ್ಕಿಲ್ಲ.

ಇರಲಿ, ಶನಿವಾರದ್ದು ಹೇಳಿ ಮುಗಿಸುತ್ತೇನೆ. ಚೆಂಡು ಬಾಬುವಿನ ಬೆನ್ನಿಗೆ ಬಿತ್ತು. ಯಾರೂ ಔಟ್ ಅನ್ನಲಿಲ್ಲ. ಅವನಿಗೆ ಸಿಟ್ಟು ಬಂತು. ತಾನೇ ನಡೆದು ಹೋಗಿ, ಔಟಾದವರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಟುನಿ ಎಬ್ಬಿಸಲು ಬಂದರೆ ಏಳಲಿಲ್ಲ. ಎರಡೂ ಭಾಷೆಯಲ್ಲಿ ತುರ್ತು ಸಭೆ ನಡೆದು ತೀರ್ಮಾನವಾಯಿತು: ಬಾಬು ಇನ್ನು ಮುಂದೆ ಲೆಕ್ಕಕ್ಕುಂಟು.

ಇದೇ ಸಮಯವೆಂದು ನಾನೂ ಮೆಲ್ಲಗೆ ಹೋಗಿ ಅವನ ಪಕ್ಕ ಕೂತೆ.

“ಅಕ್ಕಾ, ಏಳ್ರಿ ಏಳ್ರಿ,” ಎಂದಳು ಸಾವಕ್ಕ. “ನೀವು ಇನ್ನಾ ಲೆಕ್ಕಕ್ಕಿಲ್ರಿ.”

ಇಷ್ಟೊಂದು ಅರ್ಜಿ ಹಾಕಿದ್ದೇನೆ. ಔಟಾಗಲಿಕ್ಕೆ ಯಾವ ಆಫೀಸಿಗೆ ಹಾಕಬೇಕು, ನಿಮಗೇನಾದರೂ ಗೊತ್ತೇ?