ಬದುವಿನ ಮರ, ಏಳು ಹಗ್ಗ

ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ದೇಶದ ಮುದ್ರೆ. ಅದೂ ನಾನಾಗಿ ಹೋದದ್ದಲ್ಲ, ಪೈಪಿನ ಕಂಪನಿಯವರು ಕರೆದುಕೊಂಡು ಹೋದದ್ದು. ಆಗ ತಿಪಟೂರಿನಲ್ಲಿ ನನಗೊಂದು ಮೋಟರು, ಪೈಪಿನ ಅಂಗಡಿ ಇತ್ತು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ತೋಟಗಳಿಗೆ ಹನಿ ನೀರಾವರಿಯ ಹುಚ್ಚು ಹತ್ತಿದ್ದ ಕಾಲ, ಪೈಪು ತಾನಾಗಿ ಖರ್ಚಾಗುತ್ತಿತ್ತು. ಹೆಚ್ಚು ಮಾರಿದವರಿಗೆ ಥಾಯ್ಲೆಂಡ್ ಪ್ರವಾಸ ಅಂತ ಕಂಪನಿ ಸ್ಕೀಮು ಹಾಕಿತ್ತು. ಗೆದ್ದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅದರ ಕೆಳಗೇ ನನ್ನ ತಮ್ಮನ ಹೆಸರೂ ಇತ್ತು. ಅವನ ಅಂಗಡಿ ಚಿಕ್ಕನಾಯಕನಹಳ್ಳಿಯಲ್ಲಿ.

ನಾವಿಬ್ಬರೂ ಮಾತು ಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ನಾವೂ ಅದಕ್ಕೆ ಹೊರತಾಗಲಿಲ್ಲ. ಅವ್ವ ತೀರಿಕೊಂಡ ವರ್ಷವೇ ತೋಟ ಪಾಲಾಯಿತು. ಮನೆ ಅವನಿಗೆ, ಕೊಳವೆಬಾವಿ ನನಗೆ, ಮರಗಳು ಅರ್ಧರ್ಧ. ಅಲ್ಲಿಯವರೆಗೆ ಒಂದು ಜಗಳವೂ ಇಲ್ಲ. ಕೊನೆಗೆ ಬದು ಹಾಕುವಾಗ ಒಂದು ಮರ ಸಿಕ್ಕಿಕೊಂಡಿತು. ಅದರ ಬುಡ ನನ್ನ ಪಾಲಿನಲ್ಲಿ, ಆದರೆ ಮೈಯೆಲ್ಲ ವಾಲಿಕೊಂಡು ತಲೆ ಅವನ ಪಾಲಿನ ಮೇಲೆ. ನಮ್ಮ ಕಡೆ ಕೊಬ್ಬರಿಗೆ ಬಿಡುವ ಕಾಯನ್ನು ಎಳಸಿನಲ್ಲಿ ಕೀಳುವುದಿಲ್ಲ. ಮರದಲ್ಲೇ ಬಲಿತು ತಾನಾಗಿ ಬೀಳಬೇಕು, ಆಮೇಲೆ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗಬೇಕು. ಪಂಚಾಯ್ತಿಗೆ ಕೂತ ಹಿರಿಯರು ಬುಡ ಇದ್ದವನದು ಮರ, ಬಿದ್ದ ನೆಲದವನದು ಕಾಯಿ ಅಂದರು. ಅಂದರೆ ಗೊಬ್ಬರ, ನೀರು ನನ್ನದು, ಕಾಯಿ ತಮ್ಮನದು. ನಾನು ಎದ್ದು ಬಂದೆ. ಅವತ್ತಿನಿಂದ ಮಾತಿಲ್ಲ.

ಆ ಮರ ವಾಲಿದ ಕಥೆ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅದು ಸಸಿಯಾಗಿದ್ದಾಗ ನಾನು ಎಮ್ಮೆಯನ್ನು ಅದಕ್ಕೆ ಕಟ್ಟಿ ಗೋಲಿಯಾಡಲು ಹೋಗಿದ್ದೆ. ಎಮ್ಮೆ ಜಗ್ಗಿ ಜಗ್ಗಿ ಸಸಿಯನ್ನು ಸೊಟ್ಟ ಮಾಡಿತ್ತು. ಯಾರು ಕಟ್ಟಿದ್ದು ಅಂತ ಅಪ್ಪ ಕೇಳಿದಾಗ ನಾನು ಸುಮ್ಮನಿದ್ದೆ. ತಮ್ಮ ನನ್ನ ಮುಖ ನೋಡಿ ಅವನೂ ಸುಮ್ಮನಿದ್ದ. ಕೈಗೆ ಹತ್ತಿರ ಸಿಕ್ಕವನು ಅವನು, ಪೆಟ್ಟು ಅವನಿಗೇ ಬಿತ್ತು.

ಪ್ರವಾಸದ ಪಟ್ಟಿಯಲ್ಲಿ ಅವನ ಹೆಸರು ನೋಡಿದ ದಿನವೇ ನನಗೊಂದು ಉಪಾಯ ಹೊಳೆಯಿತು. ಅವನು ಐದು ದಿನ ಊರಲ್ಲಿರುವುದಿಲ್ಲ. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ ಅಂತಲೂ ಕಿವಿಗೆ ಬಿದ್ದಿತ್ತು. ನಾನು ಹುಳಿಯಾರು ಕಡೆಯ ಒಬ್ಬ ಮರ ಕುಯ್ಯುವವನನ್ನು ಹಿಡಿದೆ. ಬದುವಿನ ಮರ ತೋರಿಸಿ, ಬುಧವಾರ ಬೆಳಿಗ್ಗೆ ಮಿಷನ್ ತಂದು ಇದೊಂದನ್ನು ಉರುಳಿಸಿ ಹೋಗು ಅಂದೆ. ಮರ ನನ್ನದು, ಕೇಳುವವರು ಯಾರು.

"ಕಾಯಿ ಬುಡೋ ಮರ ಕಣ್ ಸಾಮಿ ಇದು," ಅಂದ ಅವನು.

"ನಿಂಗ್ಯಾಕಪ್ಪ ಅದು. ಒಂಬತ್ತ್ ಗಂಟೆಗೆ ಬಾ, ಕುಯ್ದು ಹೋಗು," ಅಂದೆ.

ತಾನೂ ತಿನ್ನ, ಪರರಿಗೂ ಕೊಡ ಅನ್ನುವ ಜಾತಿ ನನ್ನದು. ಹಾಗೆ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಆಗಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅವ್ವನ ತಿಥಿಗೂ ಕಣ್ಣು ಒದ್ದೆಯಾಗಿರಲಿಲ್ಲ. ಊಟ ಮಾಡುತ್ತಿದ್ದೆ, ಅಂಗಡಿ ತೆಗೆಯುತ್ತಿದ್ದೆ, ಹಾಕುತ್ತಿದ್ದೆ, ಅಷ್ಟೆ.

ಕಂಪನಿಯ ಸೇಲ್ಸ್ ಆಫೀಸರು ಹುಡುಗುತನದ ಮನುಷ್ಯ. ವಿಮಾನ ಇಳಿದ ಕೂಡಲೇ, "ಅಣ್ಣ ತಮ್ಮ ಅಲ್ವಾ ಸಾರ್, ಒಂದೇ ರೂಮಿಗೆ ಹಾಕಿದೀನಿ," ಅಂತ ದೊಡ್ಡ ಉಪಕಾರ ಮಾಡಿದವರಂತೆ ನಕ್ಕರು. ನಾವಿಬ್ಬರೂ ನಕ್ಕೆವು. ಎಲ್ಲರೂ ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ ಅಂದರು. ನಾಲ್ಕು ದಿನದ ಭಾಗ್ಯಕ್ಕೆ ಅದ್ಯಾಕೆ ಅಂತ ನಾನು ತಿರುಗಿಸಲಿಲ್ಲ. ಕೈಯಲ್ಲಿ ತಿಪಟೂರಿನ ಹೊತ್ತೇ ಓಡುತ್ತಿತ್ತು.

ರೂಮಿನಲ್ಲಿ ಎರಡು ಮಂಚ, ನಡುವೆ ಒಂದು ಟೀಪಾಯಿ. ಅವನು ಟಿ.ವಿ. ನೋಡಿ ಮುಗಿಸಿದರೆ ರಿಮೋಟನ್ನು ಟೀಪಾಯಿಯ ಮೇಲೆ ನನ್ನ ಕಡೆಗೆ ಸರಿಸಿ ಇಡುತ್ತಿದ್ದ. ನಾನು ಸ್ನಾನ ಮುಗಿಸಿದರೆ ಬಿಸಿನೀರಿನ ಸ್ವಿಚ್ಚು ಆರಿಸದೆ ಬರುತ್ತಿದ್ದೆ. ಅವನ ಹೆಂಡತಿ ಕಟ್ಟಿಕೊಟ್ಟಿದ್ದ ಚಕ್ಕುಲಿಯ ಡಬ್ಬಿ ಮುಚ್ಚಳ ತೆಗೆದೇ ಇರುತ್ತಿತ್ತು. ಹೀಗೆ ಎರಡು ದಿನ ಒಂದು ಮಾತಿಲ್ಲದೆ ಸಂಸಾರ ಮಾಡಿದೆವು.

ಮೂರನೆಯ ದಿನ ಬುಧವಾರ. ಅವತ್ತು ಕಾಡಿನ ಕಡೆ ಪ್ರವಾಸ. ಮೊದಲು ನಾಲ್ಕು ಚಕ್ರದ ಬೈಕು ಓಡಿಸುವುದು, ಆಮೇಲೆ ಮರದಿಂದ ಮರಕ್ಕೆ ಕಟ್ಟಿದ ತಂತಿಯ ಮೇಲೆ ಜಾರುವುದು. ಐವತ್ತು ದಾಟಿದ, ಹೊಟ್ಟೆ ಬಂದ ಅಂಗಡಿಯವರು ಇಪ್ಪತ್ತು ಜನ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತೆವು. ಒಂದು ಬೈಕಿಗೆ ಇಬ್ಬರು. ಯಾರ ಜೊತೆ ಯಾರು ಅಂತ ಕೇಳುವ ಅಗತ್ಯವೇ ಬರಲಿಲ್ಲ, ಆಫೀಸರು ನಮ್ಮಿಬ್ಬರನ್ನು ಆಗಲೇ ಹತ್ತಿಸಿದ್ದರು. ನಾನು ಮುಂದೆ, ತಮ್ಮ ಹಿಂದೆ.

ಆ ಗಾಡಿಗೆ ನಮ್ಮ ಬೈಕಿನಂತೆ ಕೈ ತಿರುಗಿಸುವುದಿಲ್ಲ. ಬಲಗೈ ಹೆಬ್ಬೆರಳಲ್ಲಿ ಒಂದು ಕಡ್ಡಿಯನ್ನು ಒತ್ತಿ ಹಿಡಿದರೆ ಓಡುತ್ತದೆ. ಕೆಸರು, ಹಳ್ಳ, ರಬ್ಬರ್ ಮರಗಳ ಸಾಲು. ಎಲ್ಲರೂ ಕೂಗುತ್ತಿದ್ದರು. ನಾನು ಒತ್ತಿ ಹಿಡಿದೇ ಇದ್ದೆ. ಸ್ವಲ್ಪ ಹೊತ್ತಿಗೆ ಹೆಬ್ಬೆರಳಿಗೆ ಜೋಮು ಹಿಡಿದು, ಒತ್ತಿದ್ದೇನೋ ಬಿಟ್ಟಿದ್ದೇನೋ ತಿಳಿಯದಾಯಿತು. ತೆಂಗಿನ ತೋಟವೊಂದು ಬಂತು. ಕಳೆ ತೆಗೆದಿಲ್ಲ, ಪಾತಿ ಮಾಡಿಲ್ಲ, ಆದರೂ ಗೊನೆ ತುಂಬ ಕಾಯಿ. ಇಬ್ಬರೂ ತಲೆಯೆತ್ತಿ ಅದನ್ನೇ ನೋಡುತ್ತಿದ್ದೆವು ಅಂತ ಕಾಣುತ್ತದೆ. ಗಾಡಿ ಸೀದಾ ಪಕ್ಕದ ಹಳ್ಳದ ಕಡೆ ನುಗ್ಗಿತು.

"ಬ್ರೇಕು," ಅಂದ ಹಿಂದಿನಿಂದ.

ನಾಲ್ಕು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಅದು. ನಾನು ಬ್ರೇಕು ಹಿಡಿದೆ. ಬಿದ್ದಿದ್ದರೆ ಕೈಕಾಲು ಮುರಿಯುತ್ತಿತ್ತು. ಎದೆ ಸ್ವಲ್ಪವೂ ಹೊಡೆದುಕೊಳ್ಳಲಿಲ್ಲ. ಇಳಿದು ಹಿಂದಕ್ಕೆ ತಳ್ಳಿ, ಮತ್ತೆ ಹತ್ತಿ ಹೊರಟೆವು.

ತಂತಿಯ ಜಾಗದಲ್ಲಿ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದರು. ಗಡಿಯಾರ, ಉಂಗುರ, ಮೊಬೈಲು ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿ ಅಂದರು. ಬಿಚ್ಚುವಾಗ ನೋಡಿದೆ, ಎಂಟೂ ಇಪ್ಪತ್ತು. ಮರ ಕುಯ್ಯುವವನು ಈಗ ರೊಟ್ಟಿ ತಿನ್ನುತ್ತಿರುತ್ತಾನೆ ಅಂದುಕೊಂಡೆ. ಡಬ್ಬಿಗೆ ಗಡಿಯಾರ ಹಾಕಿದೆ. ಒಟ್ಟು ಏಳು ತಂತಿಗಳು, ನಮ್ಮವರ ಬಾಯಲ್ಲಿ ಏಳು ಹಗ್ಗ. ಒಂದು ಮರದಿಂದ ಇನ್ನೊಂದಕ್ಕೆ ಒಬ್ಬೊಬ್ಬರಾಗಿ ಜಾರಿ ಹೋಗಿ, ಅಲ್ಲಿನ ಅಟ್ಟಣಿಗೆಯಲ್ಲಿ ಕಾಯಬೇಕು. ಮೊದಲ ಎರಡನ್ನು ದಾಟಿದೆ. ಕೆಳಗೆ ಪಾತಾಳದಂಥ ಕಣಿವೆ. ಹೆದರಿಕೆಯಾಗಲಿಲ್ಲ, ಖುಷಿಯೂ ಆಗಲಿಲ್ಲ. ಗಾಳಿ ಮುಖಕ್ಕೆ ಬಡಿಯಿತು, ಆಚೆ ಕಡೆಯ ಹುಡುಗ ಹಿಡಿದು ನಿಲ್ಲಿಸಿದ, ಆಯಿತು.

ಮೂರನೆಯ ಮರದ ಹತ್ತಿರ ನಮ್ಮ ಮುಂದಿದ್ದ ಹಾಸನದವರೊಬ್ಬರು ಹಾರಲು ಹೆದರಿ ಕೂತುಬಿಟ್ಟರು. ಅವರಿಗೆ ಧೈರ್ಯ ಹೇಳುವುದು ನಡೆದಿತ್ತು. ನಾವು ಮರಕ್ಕೆ ಒರಗಿ ನಿಂತೆವು. ತಂತಿ ಸುತ್ತಿದ ಕಡೆ ಮರಕ್ಕೆ ತಗಲದಂತೆ ಸುತ್ತಲೂ ಹಲಗೆ ತುಂಡು ಇಟ್ಟು ಬಿಗಿದಿದ್ದರು. ತಮ್ಮ ಅದನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ.

"ಮರುಕ್ಕೆ ನೋವಾಗ್ದಂಗೆ ಹಲ್ಗೆ ಕೊಟ್ಟವ್ರೆ," ಅಂದ. ನನಗೆ ಹೇಳಿದನೋ ಮರಕ್ಕೋ ಗೊತ್ತಾಗಲಿಲ್ಲ.

ಹಲಗೆಯಿಂದ ಬೆರಳು ತೆಗೆಯದೆಯೇ ಅಂದ, "ಅಣ್ಣಾ, ಆ ಬದೀನ್ ಮರದ್ ಕಾಯಿ ನಾನ್ ಮಾರಿಲ್ಲ ಕಣಣ್ಣ."

ನಾನು ಅವನ ಕಡೆ ತಿರುಗಿದೆ.

"ಅವ್ವನ್ ಎಡೆಗೆ ಅಂತ ನಾಕ್ ತಗಂತೀನಿ. ಮಿಕ್ಕಿದ್ದು ಅಟ್ಟದ್ ಮೇಲೆ ಬ್ಯಾರೆ ಗುಡ್ಡೆ ಹಾಕಿ ಮಡಗಿವ್ನಿ. ನೀನ್ ಕೇಳ್ತೀಯ ಅಂತ ಕಾದೆ. ನೀನ್ ಬರ್ನಿಲ್ಲ. ಹಳೇವೆಲ್ಲ ಕಮಟು ಹಿಡಿದ್ವು, ತಿಪ್ಪೆಗ್ ಸುರ್ದೆ. ಈ ವರ್ಸದ್ದು ಚೆನ್ನಾಗವೆ. ಅಲ್ಲಾಡ್ಸಿದ್ರೆ ಒಳಗೆ ಕೊಬ್ರಿ ಆಡ್ತದೆ. ಊರಿಗೋದ್ ಮ್ಯಾಲೆ ತಗಂಡ್ ಹೋಗು."

"ನಿನ್ ನೆಲಕ್ ಬಿದ್ದಿದ್ದಲ್ವೇನ್ಲಾ," ಅಂದೆ. ನನ್ನ ದನಿ ನನಗೇ ದೂರದಿಂದ ಕೇಳಿದಂತಾಯಿತು.

"ಬಿದ್ರೆ ನಂದಾಯ್ತದಾ. ಬುಡು," ಅಂದ.

ಹಾಸನದವರು ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡು ಜಾರಿ ಹೋದರು. ನಮ್ಮ ಸರದಿ ಬಂತು. ಕೊಕ್ಕೆ ಸಿಕ್ಕಿಸುವ ಹುಡುಗನ ಸೊಂಟದಲ್ಲಿ ಮೊಬೈಲ್ ಇತ್ತು. ಎರಡು ಅಟ್ಟಣಿಗೆ ಹಿಂದೆ ಇದ್ದ ಆಫೀಸರೂ ಫೋಟೊಗೆ ಅಂತ ತಮ್ಮದನ್ನು ಇಟ್ಟುಕೊಂಡಿದ್ದರು. ನಮ್ಮೂರಿನಲ್ಲಿ ಆಗ ಎಂಟೂ ಮುಕ್ಕಾಲಿರಬೇಕು. ಮರ ಕುಯ್ಯುವವನ ನಂಬರು ನನಗೆ ಬಾಯಿಪಾಠ. ಬೇಡ ಬಿಡಪ್ಪ, ಹಿಂದಕ್ಕೆ ಹೋಗು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗನ್ನಬೇಕಾದರೆ ಪಕ್ಕದಲ್ಲಿ ನಿಂತ ತಮ್ಮನ ಎದುರೇ ಅನ್ನಬೇಕು. ಯಾವ ಮರ ಅಂತ ಅವನು ಕೇಳುತ್ತಾನೆ. ನಾನು ಯೋಚಿಸುತ್ತಾ ನಿಂತಿದ್ದೆ. ಹುಡುಗ ಕೊಕ್ಕೆ ಹಾಕಿ, ಕಾಲು ಮೇಲೆ ಅಂತ ಸನ್ನೆ ಮಾಡಿದ. ಕಾಲು ಎತ್ತಿದೆ.

ಆ ತಂತಿ ಎಲ್ಲಕ್ಕಿಂತ ಉದ್ದದ್ದು ಅಂತ ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ಇನ್ನೂ ನಾಲ್ಕು ಮರ ಇದ್ದವು, ನಾಲ್ಕರಲ್ಲೂ ಒಂದೊಂದು ಮೊಬೈಲ್ ಕಟ್ಟಿಕೊಂಡ ಹುಡುಗ ಇದ್ದ. ನಾಲ್ಕರಲ್ಲೂ ತಮ್ಮ ನನ್ನ ಹಿಂದೆಯೇ ಬಂದು ನಿಂತು ಮಾತಾಡುತ್ತಿದ್ದ. ನಾಲ್ಕು ವರ್ಷದ್ದೆಲ್ಲ ಬಾಕಿ ಇತ್ತಲ್ಲ, ಹಸು ಕರು ಹಾಕಿದ್ದು, ಮಗಳು ಹತ್ತನೇ ಕ್ಲಾಸು ಪಾಸಾದದ್ದು, ತೆಂಗಿನ ಗರಿ ಸುಡುವ ಬೆಂಕಿರೋಗಕ್ಕೆ ಏನು ಮದ್ದು ಹೊಡೆದದ್ದು. ಹೂಂ ಹೂಂ ಅನ್ನುತ್ತಿದ್ದೆ. ಕೆಳಗಿಳಿದು ಡಬ್ಬಿಯಿಂದ ಗಡಿಯಾರ ತೆಗೆದುಕೊಂಡಾಗ ಒಂಬತ್ತೂ ಇಪ್ಪತ್ತೈದು ಆಗಿತ್ತು. ಕೈಗೆ ಕಟ್ಟಿಕೊಂಡೆ. ಎಲ್ಲರಿಗೂ ಎಳನೀರು ಕೊಟ್ಟರು. ಕುಡಿದೆ.

"ಸಪ್ಪೆ," ಅಂದ ತಮ್ಮ. "ನಮ್ ಕಡೆ ರುಚಿ ಇಲ್ಲ."

ಶುಕ್ರವಾರ ಬೆಂಗಳೂರಿಗೆ ಬಂದಿಳಿದು ಇಬ್ಬರೂ ಒಂದೇ ಕಾರಿನಲ್ಲಿ ಹೊರಟೆವು. ಮೊದಲು ತೋಟಕ್ಕೆ ಹೋಗಿ ಕಾಯಿ ತುಂಬಿಕೊಂಡೇ ನಾನು ತಿಪಟೂರಿಗೆ ಹೋಗಬೇಕು ಅಂತ ಅವನ ಹಟ. ಗುಬ್ಬಿ ದಾಟಿತು. ಈಗ ಹೇಳುತ್ತೇನೆ ಅಂದುಕೊಂಡೆ. ನಿಟ್ಟೂರು ದಾಟಿತು. ಕೆ.ಬಿ. ಕ್ರಾಸಿನಲ್ಲಿ ಕಾಫಿ ಕುಡಿದೆವು. ಚಿಕ್ಕನಾಯಕನಹಳ್ಳಿ ರಸ್ತೆಗೆ ತಿರುಗಿದ ಮೇಲೆ ಅವನು ಕಿಟಕಿಗೆ ಮುಖ ಕೊಟ್ಟು ಕೂತ. ಆ ರಸ್ತೆಯ ದಿಣ್ಣೆ ಹತ್ತಿದರೆ ನಮ್ಮ ತೋಟದಲ್ಲಿ ಮೊದಲು ಕಾಣುವುದೇ ಆ ಮರ, ಸಾಲಿನಲ್ಲಿ ಅದೊಂದೇ ಸೊಟ್ಟ. ಕಾರು ದಿಣ್ಣೆ ಹತ್ತಿತು, ಇಳಿಯಿತು. ಸಾಲೆಲ್ಲ ನೆಟ್ಟಗಿತ್ತು.

"ಗಾಳಿ ಬಂದಿತ್ತೇನೋ ಕಣಣ್ಣ," ಅಂದ, ಕಿಟಕಿಯಿಂದ ಮುಖ ತಿರುಗಿಸದೆ.

"ಇರ್ಬೇಕು," ಅಂದೆ.

ತೋಟದಲ್ಲಿ ಮರ ಅವನ ಪಾಲಿನ ಕಡೆಗೇ ಉದ್ದಕ್ಕೆ ಬಿದ್ದಿತ್ತು. ಗರಿಗಳು ಇನ್ನೂ ಹಸಿರಾಗಿದ್ದವು. ಬುಡ ಮಿಷನ್‌ನಲ್ಲಿ ಹಲಗೆ ಕುಯ್ದಷ್ಟು ನಯವಾಗಿತ್ತು. ಗಾಳಿ ಹಾಗೆ ಕುಯ್ಯುವುದಿಲ್ಲ. ತಮ್ಮ ಬಗ್ಗಿ ಅಂಗೈಯಲ್ಲಿ ಅದನ್ನು ಸವರಿದ. ಎದ್ದು ನನ್ನ ಮುಖ ನೋಡಿದ. ಎಮ್ಮೆ ಕಟ್ಟಿದ ದಿನ ನೋಡಿದ್ದನಲ್ಲ, ಹಾಗೆಯೇ.

ಕಾರಿನ ಸದ್ದಿಗೆ ಪಕ್ಕದ ತೋಟದ ಯಜಮಾನರು ಬೇಲಿ ಹತ್ತಿರ ಬಂದರು. "ಬುಧವಾರ ಮಿಷನ್ ಸದ್ದು ಕೇಳ್ತು ಕಣ್ಲಾ. ನಾನ್ ಬರೋ ವೊತ್ಗೆ ಉಳ್ಳಿಸ್‌ಬುಟ್ಟಿದ್ರು. ಯಾರ್ಲಾ ಕಡ್ಸಿದ್ದು, ಅಂತಾ ಕಾಯ್ ಮರನಾ?"

ನಾನು ಸುಮ್ಮನಿದ್ದೆ.

"ನಾವೇ ಕಣ್ ಮಾವ," ಅಂದ ತಮ್ಮ. "ಅಣ್ಣ ನಾನು ಮಾತಾಡ್ಕಂಡು ಕಡ್ಸಿದ್ವಿ. ವಾಲಿತ್ತಲ್ಲ."

ಅವರು ತಲೆಯಾಡಿಸಿ ಹೋದರು. ತಮ್ಮ ಬೀಗ ತೆಗೆದು ಒಳಗೆ ಹೋಗಿ ಏಣಿ ಹತ್ತಿದ. ಅಟ್ಟದ ಬಾಯಿಯಿಂದ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೆಳಗೆ ಬಿಡತೊಡಗಿದ. ನಾನು ಕೆಳಗೆ ನಿಂತು ಎರಡೂ ಕೈ ಒಡ್ಡಿ ಹಿಡಿದು ಚೀಲಕ್ಕೆ ಹಾಕಿದೆ. ಎರಡು ಚೀಲ ತುಂಬಿತು. ಅವನು ಒಂದು ಮಾತೂ ಆಡಲಿಲ್ಲ, ಎಸೆಯಲೂ ಇಲ್ಲ, ನನ್ನ ಕೈ ಇದ್ದ ಕಡೆಗೇ ಬಿಡುತ್ತಿದ್ದ. ಚೀಲಗಳನ್ನು ಅವನೇ ಹೊತ್ತು ಕಾರಿಗೆ ಇಟ್ಟ.

ಮಾರನೆಯ ಬೆಳಿಗ್ಗೆ ರೊಟ್ಟಿ ಮುರಿಯಲು ಆಗಲಿಲ್ಲ. ಎರಡೂ ಅಂಗೈ ಊದಿಕೊಂಡು ಕೆಂಪಾಗಿದ್ದವು. ಕಾಯಿ ಹಿಡಿಯುವಾಗ ಒಂದು ಚೂರೂ ನೋವು ಗೊತ್ತಾಗಿರಲಿಲ್ಲ. ಹೆಂಡತಿ ಕೈ ಹಿಡಿದು ನೋಡಿದಳು.

"ಅಲ್ಲಿ ಹಗ್ಗ ಹಿಡ್ಕಂಡು ಜೋತಾಡಿದ್ರಂತಲ್ಲ, ಅದ್ರದ್ದೇನ್ರೀ?" ಅಂದಳು.

ಹೂಂ ಅಂದೆ. ಅಂದು ಮುಗಿಯುವ ಮೊದಲೇ ಅಳು ಬಂತು.