ಅರವತ್ತಮೂರು ಸರಿಯಾಗಿಯೇ ಇತ್ತು

2022ರಲ್ಲಿ ನಾನು ಮುಂಬೈ ಪಕ್ಕದ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪೇಂಟ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಅಪಘಾತ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆದ ಮೇಲೆ ಯಾರ ತಪ್ಪು ಎಂದು ಬರೆಯುವುದೂ ನನ್ನದೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಎರಡನೆಯದೇ ಹೆಚ್ಚು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಅದೇ ಕಾರ್ಖಾನೆಯ ಗೇಟಿಗೆ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ಬಂದವನು ಬಸವರಾಜ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನನ್ನ ಅಪ್ಪ ಉಡುಪಿ ಕಡೆಯವರು, ಹೋಟೆಲಿನಲ್ಲಿದ್ದರು. ಅವನ ಅಪ್ಪ ವಿಜಯಪುರದಿಂದ ಬಂದು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ಹದಿನೆಂಟಕ್ಕೆ ಸೈನ್ಯ ಸೇರಿದ ಬಸು ಹದಿನೈದು ವರ್ಷ ಮುಗಿಸಿ ಮರಳಿದ್ದ. ಇನ್ನೂ ಮುಂದುವರಿಯಬಹುದಿತ್ತಲ್ಲ ಎಂದು ನಾನು ವಾದ ಹೂಡಿದರೆ ಅವನ ಉತ್ತರ ಒಂದೇ: “ಲೇ ವಕೀಲ, ನನ್ನ ಮಗಳು ಅಪ್ಪಾ ಅಂದ್ರ ಫೋನಿನ್ಯಾಗ ಇರಾಂವ ಅಂತ ತಿಳಕೊಂಡಿದ್ಲು.”

ದಿನಾ ಬೆಳಿಗ್ಗೆ ನಾನು ಡೊಂಬಿವಲಿಯಲ್ಲೇ ಇದ್ದ ಅವನ ಮನೆಗೆ ಹೋಗಿ, ಅಲ್ಲಿಂದ ಇಬ್ಬರೂ ಲೋಕಲ್ ರೈಲು ಹಿಡಿಯಬೇಕಿತ್ತು. ಅವನು ಮಗಳ ಜಡೆ ಹೆಣೆಯುವವರೆಗೆ ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಬೂಟಿನ ಲೇಸು ಬಿಗಿದಂತೆ ಬಿಗಿಯುತ್ತಿದ್ದ. “ಬಾಬಾ, ದುಖತಂಯ,” ಎಂದು ಅವಳು ಮರಾಠಿಯಲ್ಲಿ ಅಳುದನಿ ತೆಗೆದರೆ, “ಅಲ್ಲಾಡಬ್ಯಾಡ, ನೋಯೂದಿಲ್ಲ,” ಎಂದು ಇವನ ಕನ್ನಡ. ಹೆಂಡತಿ ಸುನಂದಾ ಅಡುಗೆಮನೆಯಿಂದಲೇ, “ಕೂಸು ಪರೇಡಿಗೆ ಹೊಂಟೈತೇನ್ರೀ?” ಎನ್ನುತ್ತಿದ್ದರು. ಎಷ್ಟು ಲೋಕಲ್ ತಪ್ಪಿಸಿಕೊಂಡೆವೋ.

ಘಟನೆ ನಡೆದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂವರೆಗೆ. ಥಿನ್ನರ್ ದಾಸ್ತಾನು ಕೋಣೆಯಲ್ಲಿ ಫೋರ್ಕ್‌ಲಿಫ್ಟಿನ ಮೂತಿ ತಾಗಿ ಒಂದು ಡ್ರಮ್ ಒಡೆಯಿತು, ಮುಂಬಾಗಿಲ ಹತ್ತಿರ ಕಿಡಿ ತಾಗಿ ಬೆಂಕಿ ಹೊತ್ತಿತು. ಸೈರನ್ ಕೂಗಿತು, ಎಲ್ಲರೂ ಗೇಟಿನ ಬಳಿಯ ಅಸೆಂಬ್ಲಿ ಪಾಯಿಂಟಿಗೆ ಓಡಿ ಬಂದರು.

ಅಂಥ ಕೋಣೆಗೆ ಕಾರ್ಬನ್ ಡೈಆಕ್ಸೈಡ್ ತುಂಬುವ ವ್ಯವಸ್ಥೆ ಇರುತ್ತದೆ. ಹೊರಗಿನ ಹಿಡಿಕೆ ಎಳೆದರೆ ಅನಿಲ ನುಗ್ಗಿ ಬೆಂಕಿಯ ಉಸಿರು ಕಟ್ಟುತ್ತದೆ. ಒಳಗೆ ಮನುಷ್ಯನಿದ್ದರೆ ಅವನದೂ ಕಟ್ಟುತ್ತದೆ. ಹಾಗಾಗಿ ತಲೆ ಎಣಿಸದೆ ಎಳೆಯುವಂತಿಲ್ಲ. ಗೇಟಿನ ಪಂಚಿಂಗ್ ಯಂತ್ರ ಒಳಗೆ ಬಂದವರು ಅರವತ್ತಮೂರು ಎಂದಿತು. ನಿಂತವರನ್ನು ಎರಡು ಸಲ ಎಣಿಸಿದೆ. ಅರವತ್ತಮೂರೇ. ನಾನು ಕೋಣೆಯ ಬಳಿಗೆ ಹೋಗಿ ಹಿಡಿಕೆಗೆ ಕೈಹಾಕಿದೆ.

ಬಸು ಓಡಿ ಬಂದು ನನ್ನ ಮಣಿಕಟ್ಟು ಹಿಡಿದ. “ಎಳೀಬ್ಯಾಡ. ಒಬ್ಬಾಂವ ಒಳಗದಾನ.”

“ಇಲ್ಲ ಮಾರಾಯ, ಎಣಿಸಿ ಆಗಿದೆ. ಲೆಕ್ಕ ಸರಿ ಉಂಟು.”

“ಸೈಬಣ್ಣ ಇಲ್ಲ.”

“ಲಿಸ್ಟಿನಲ್ಲಿ ಸೈಬಣ್ಣ ಅಂತ ಯಾರೂ ಇಲ್ಲ.”

“ಲಿಸ್ಟಿನ್ಯಾಗ ಇಲ್ಲಪಾ. ಮುಂಜಾನೆ ನಾನ ಬಿಟ್ಟೀನಿ, ಅವರ ಅಳಿಯನ ಕಾರ್ಡ್ ನೋಡಿ, ಪಂಚ್ ಮಾಡಸ್ಲಾರ್ದ.”

ಮ್ಯಾನೇಜರ್ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದರು. ಕೆಲಸ ಹೋಗುವ ಮಾತನ್ನು ಅವರ ಎದುರಿಗೇ, ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟ. “ಅರೇ ಖೀಂಚೋ, ಪೂರಾ ಗೋಡೌನ್ ಜಾಯೇಗಾ,” ಎಂದು ಹಿಡಿಕೆ ಎಳೆಯಲು ಅವಸರಿಸಿದರು ಮ್ಯಾನೇಜರ್. ನಾನು ಹಿಡಿಕೆಯಿಂದ ಕೈ ತೆಗೆದೆ.

ಬಸು ಬೆನ್ನಿಗೆ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು, ಇನ್ನೊಬ್ಬ ತರಬೇತಾದವನ ಜೊತೆ ಹಿಂಬಾಗಿಲಿನಿಂದ ಒಳಹೊಕ್ಕ. ಮುಂಬಾಗಿಲಲ್ಲಿ ನಮ್ಮವರು ಫೋಮ್ ಹೊಡೆಯುತ್ತ ಬೆಂಕಿಯನ್ನು ತಡೆದು ಹಿಡಿದರು. ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ನನ್ನ ತಲೆಯಲ್ಲಿ ಒಂದೇ ಒಂದು ವಾದವೂ ಹುಟ್ಟಲಿಲ್ಲ. ಆಮೇಲೆ ಐವತ್ತರ ಆಸುಪಾಸಿನ ಒಬ್ಬರನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಒಳಗೆ ಯಾರೂ ಇಲ್ಲ ಎಂದು ಕೈಸನ್ನೆ ಮಾಡಿದ. ಆಗ ಎಳೆದೆ.

ಸೈಬಣ್ಣ ಕಲಬುರಗಿ ಕಡೆಯವರು, ಲೋಡಿಂಗ್ ಕೆಲಸಕ್ಕೆ ಅದೇ ಮೊದಲ ದಿನ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ, ಯಾಕೆ ಹೊರಗೆ ಬರಲಿಲ್ಲ ಎಂದು ಕೇಳಿದೆ. “ಊಟದ ಭೋಂಗಾ ಕೂಗೇತಿ ಅನಕೊಂಡೆನ್ರೀ ಸಾಹೇಬ್ರ. ತಂಪಿತ್ತು, ಹಿಂದಿನ ಮೂಲ್ಯಾಗ ಡ್ರಮ್ಮಿನ ಮರಿಗೆ ಕುಂತು ರೊಟ್ಟಿ ಬಿಚ್ಚಿದ್ನಿ, ಬೆಂಕಿ ಕಾಣಲಿಲ್ರೀ.” ಥಿನ್ನರಿನ ಆವಿಗೆ ತಲೆ ತಿರುಗಿ ಅಲ್ಲೇ ಒರಗಿದ್ದರು.

ವರದಿ ಬರೆಯಲು ಕೂತೆ. ನಮ್ಮಲ್ಲಿ ಗೇಟ್ ಕಾರ್ಡ್ ಕೊಡುವ ದಿನವೇ ಸೈರನ್ನುಗಳ ಪರಿಚಯ ಮಾಡಿಸುವ ಪದ್ಧತಿ. ಕಾರ್ಡಿಲ್ಲದೆ ಬಂದವರಿಗೆ ಸೈರನ್ ಗೊತ್ತಿಲ್ಲ. ಅಂದರೆ ಸೈಬಣ್ಣನವರ ಜೀವಕ್ಕೆ ಅಪಾಯ ತಂದವನೂ ಬಸವರಾಜನೇ. ಹಾಗೆಯೇ ಬರೆದೆ. ಕಳಿಸುವ ಮೊದಲು ಅವನಿಗೇ ತೋರಿಸಿದೆ.

ನಿಧಾನವಾಗಿ ಓದಿದ. “ಖರೇನ ಬರದೀ. ಆದ್ರ ಅರ್ಧಾ ಬರದೀ.”

“ಇನ್ನರ್ಧ ಏನು?”

“ನವಿ ಮುಂಬೈ ಆಫೀಸಿಂದ ಕಾರ್ಡ್ ಬರಾಕ ಎಂಟ್ ದಿನ ಯಾಕ ಬೇಕು? ಎಂಟ್ ದಿನ ಆ ಮನಶ್ಯಾ ಏನ್ ತಿನಬೇಕು? ಅದನ್ನ ಯಾರ್ ಬರಿಯಾವ್ರು?”

ಅದನ್ನೂ ಬರೆದೆ. ಕಾರ್ಡ್ ಅದೇ ದಿನ ಕೊಡುವ ಏರ್ಪಾಡಾಯಿತು, ಸೈರನ್ ಪಾಠ ಕನ್ನಡದಲ್ಲೂ ಶುರುವಾಯಿತು. ಬಸುವಿಗೆ ಎಚ್ಚರಿಕೆ ಪತ್ರ ಬಂತು, ಜೊತೆಗೆ ತುರ್ಭೆಯ ಘಟಕಕ್ಕೆ ವರ್ಗ. ಆಮೇಲೂ ಠಾಣೆಯವರೆಗೆ ಒಂದೇ ಲೋಕಲ್. ನಿಂತೇ ಹೋಗುತ್ತ ಅದೇ ಜಗಳ. ನಿಯಮ ಮುರಿದದ್ದಕ್ಕೇ ಸೈಬಣ್ಣ ಒಳಗೆ ಸಿಕ್ಕಿಕೊಂಡರು ಎಂದು ನಾನು. ಹೆಸರು ಕೇಳಿ ಒಳಗೆ ಬಿಟ್ಟು ನೆನಪಿಟ್ಟದ್ದಕ್ಕೇ ಬದುಕಿದರು ಎಂದು ಅವನು. ಠಾಣೆ ಬಂದರೆ, “ನಾಳೆ ಮುಗಸೂಣು,” ಎಂದು ಇಳಿದು ತುರ್ಭೆ ಗಾಡಿಯ ಪ್ಲ್ಯಾಟ್‌ಫಾರ್ಮಿನ ಕಡೆ ಹೋಗುತ್ತಿದ್ದ.

ಹೋದ ವರ್ಷ ಬಸು, ಮಗಳನ್ನು ಶಾಲೆಗೆ ಬಿಟ್ಟು ತಿರುಗಿದವನು, ಶಾಲೆಯ ಗೇಟಿನ ಹತ್ತಿರವೇ ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ತಲುಪುವಷ್ಟರಲ್ಲಿ ಇರಲಿಲ್ಲ. ಮೂವತ್ತಾರು ವರ್ಷ. ಮಣ್ಣಿಗೆ ಬಂದವರ ಸಾಲಿನ ಕೊನೆಯಲ್ಲಿ ಸೈಬಣ್ಣ ಶಹಾಡಿನಿಂದ ಬಂದು ನಿಂತಿದ್ದರು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಲೆಕ್ಕ ತಪ್ಪಿದಾಗ ಎಲ್ಲರೂ ಮತ್ತೊಮ್ಮೆ ಎಣಿಸುತ್ತಾರೆ, ಸರಿಹೋದಾಗಲೇ ಬಾಯಿಬಿಟ್ಟು ಕೇಳಬೇಕು, ಯಾರು ಕಾಣುತ್ತಿಲ್ಲ ಎಂದು. ಅಣಕು ಕವಾಯತು ಮಾಡಿಸುವಾಗ ಈಗ ಇದನ್ನೇ ಹೇಳಿಕೊಡುತ್ತೇನೆ.

ಆದರೂ ಬಸು ಆ ದಿನ ಸೈಬಣ್ಣನವರನ್ನು ಕಾರ್ಡಿಲ್ಲದೆ ಒಳಗೆ ಬಿಟ್ಟದ್ದು ತಪ್ಪು. ಇವತ್ತಿಗೂ ನನ್ನ ವಾದ ಅದೇ. ಅದಕ್ಕೆ ಬೇಕಾದ ಕಾರಣಗಳೆಲ್ಲ ನನ್ನ ಬಳಿ ಇವೆ, ಒಂದೂ ಸಡಿಲವಿಲ್ಲ. ಡೊಂಬಿವಲಿಯಿಂದ ಠಾಣೆಯವರೆಗೆ ದಿನಾ ಮನಸ್ಸಿನಲ್ಲೇ ಮಂಡಿಸುತ್ತೇನೆ, ದಿನಾ ಗೆಲ್ಲುತ್ತೇನೆ. ಒಂದು ಸಲ ಸೋತರೆ ಸಾಕಿತ್ತು.