ಹಸಿರು ಬಾಟಲಿ, ಕೊನೆಯ ಮಂಗಳವಾರ

ಬಾಟಲಿ ಸಿಡಿದು ಯಾರದಾದರೂ ಕಣ್ಣಿಗೆ ಚೂರು ಬೀಳಬಹುದಿತ್ತು. ಗ್ಯಾಸಿನ ಸಿಲಿಂಡರ್ ಕೊನೆಯ ದಿನವೇ ಕೈಕೊಡಬಹುದಿತ್ತು. ಮಳೆ ಬರಬಹುದಿತ್ತು, ಬರದ ಸೀಮೆಯ ನಮ್ಮ ಕಮತಗಿಯಲ್ಲಿ ಮಳೆಗೆ ಅಂಜುವವನು ನಾನೊಬ್ಬನೇ ಇರಬೇಕು. ನನ್ನ ಗೋಲಿ ಸೋಡಾದ ಅಂಗಡಿ ಮುಚ್ಚುವ ದಿನ ಯಾರೂ ಬಾರದೆ ಇರಬಹುದಿತ್ತು, ಇಲ್ಲವೇ ಎಲ್ಲರೂ ಒಮ್ಮೆಲೇ ಬಂದು ಸೋಡಾ ಸಾಲದೆ ಹೋಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ನಾನು ಅತ್ತುಬಿಡಬಹುದಿತ್ತು. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ ಬಸ್ ಸ್ಟ್ಯಾಂಡಿನ ಎದುರು ನಿಂತು ಅಳುವುದು ನೋಡಲು ಚಂದವಲ್ಲ. ಅದಕ್ಕೆಂದು ಕಿಸೆಯಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡಿದ್ದೆ. ಒಂದು ಕಳೆದರೆ ಎಂದು ಎರಡು.

ಮುಚ್ಚಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಸೋಡಾ ತುಂಬುವ ಯಂತ್ರದ ಹಿಡಿಕೆ ತಿರುಗಿಸಿ ತಿರುಗಿಸಿ ಭುಜ ಸೋತಿತ್ತು. ಗೋಲಿ ಹಾಕಿದ ಗಾಜಿನ ಬಾಟಲಿ ತಂದುಕೊಡುವವರು ನಮ್ಮ ಕಡೆ ಬರುವುದನ್ನೇ ಬಿಟ್ಟಿದ್ದರು. ಒಡೆದದ್ದು ಒಡೆದು ಉಳಿದವು ಕೆಲವೇ. ಹೀಗಾಗಿ ಅಂಗಡಿಗೆ ಒಂದೇ ಕಟ್ಟಳೆ: ಸೋಡಾ ಕುಡಿದು ಬಾಟಲಿಯನ್ನು ಕಟ್ಟೆಯ ಮೇಲೆ ಇಟ್ಟೇ ಹೋಗಬೇಕು. "ಬಾಟ್ಲಿ ಇಟ್ಟು ಹೋಗ್ರೀ!" ಎಂದು ನಾನು ಕೂಗುವುದು ಕಂಡಕ್ಟರನ ಸಿಳ್ಳೆಗಿಂತ ಜೋರು ಎಂದು ಜನ ನಗುತ್ತಿದ್ದರು.

ಗುಳೇದಗುಡ್ಡದ ಅಕ್ಕನಿಗೆ ಆ ಕೂಗು ಬಾಯಿಪಾಠವಾಗಿತ್ತು. ಅವರು ನನ್ನ ಸಂಬಂಧಿಯಲ್ಲ. ಪ್ರತಿ ಮಂಗಳವಾರ ತಮ್ಮ ಮಗ್ಗದಲ್ಲಿ ನೇಯ್ದ ಕುಪ್ಪಸದ ಖಣಗಳ ಗಂಟನ್ನು ಇಳಕಲ್ಲಿನ ಸೀರೆ ಅಂಗಡಿಗಳಿಗೆ ಕೊಟ್ಟು, ಸಂಜೆ ಮರಳುವಾಗ ಕಮತಗಿಯಲ್ಲಿ ಬಸ್ಸು ಬದಲಿಸುತ್ತಿದ್ದರು. ಆ ನಡುವೆ ಒಂದು ಶುಂಠಿ ಸೋಡಾ. ಹಿಂದೊಮ್ಮೆ ಖಾಲಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ್ದರು.

"ತಮ್ಮಾ, ಇದೊಂದ ನನಗ ಕೊಡೋ. ಮಗ್ಗದ ಮುಂದಿನ ಕಿಡಕ್ಯಾಗ ಇಡ್ತೇನಿ. ಇಂಥಾ ಹಸರ ನೂಲಿನ್ಯಾಗ ಬರವಲ್ದು."

"ಕೊಡಾಕ ಬರೂದಿಲ್ರೀ ಅಕ್ಕಾರ. ಇವತ್ತ ನಿಮಗ ಕೊಟ್ರ ನಾಳಿ ಎಲ್ಲಾರೂ ಕೇಳ್ತಾರ."

"ಇರ್ಲಿ ಬಿಡಪಾ. ಜೀವಾ ಕೇಳಿದ್ರ ಕೊಟ್ಟಿ, ನೀ ಬಾಟ್ಲಿ ಕೊಡಾಂವಲ್ಲ."

ಆಮೇಲೆ ಅವರು ಕೇಳಲಿಲ್ಲ. ಕೇಳದೆ ಇದ್ದದ್ದೇ ನನ್ನನ್ನು ಇಷ್ಟು ವರ್ಷ ಕೊರೆಯಿತು. ಅದಕ್ಕೇ ಅಂಗಡಿ ಮುಚ್ಚಲು ಮಂಗಳವಾರವನ್ನೇ ಆರಿಸಿದೆ. ಅವರು ಕುಡಿದ ಬಾಟಲಿಯನ್ನು ಅವರಿಗೇ ಕೊಡಬೇಕು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, "ಅಕ್ಕಾರ, ಇದು ನಿಮ್ದು" ಎಂದು ನಾಲ್ಕು ಸಲ ಹೇಳಿ ನೋಡಿದೆ. ಒಳಗಿನಿಂದ ಹೆಂಡತಿ, "ಕನ್ನಡಿಗೆ ಏನ್ ಕೊಡಾಕತ್ತೀರಿ?" ಎಂದಳು.

ಸಂಜೆ ಅಕ್ಕ ಬಂದರು. ಮೊಣಕಾಲು ಹಿಡಿದುಕೊಂಡೇ ಬಂದರು. ಇನ್ನು ಇಳಕಲ್ಲಿಗೆ ಹೋಗುವುದಿಲ್ಲವಂತೆ, ಅಂಗಡಿಯವರೇ ಮನೆಗೆ ಬಂದು ಖಣ ಒಯ್ಯುತ್ತಾರಂತೆ.

"ಖರೇನ ಮುಚ್ಚತೀ? ಇನ್ನ ಅಂಜಾಕ ನಿನಗ ಏನ ಉಳೀತೋ?"

"ಹುಡುಕ್ತೇನ್ರಿ."

ಅವರು ನಕ್ಕು, ಗೋಲಿಯನ್ನು ಒಳಗೊತ್ತಿ, ನಿಧಾನವಾಗಿ ಕುಡಿಯತೊಡಗಿದರು. ಅಲ್ಲಿಯವರೆಗೆ ಒಂದು ಬಾಟಲಿಯೂ ಸಿಡಿದಿರಲಿಲ್ಲ. ಗ್ಯಾಸು ಮುಗಿದಿರಲಿಲ್ಲ. ಜನ ಬೇಕಾದಷ್ಟೇ ಬಂದಿದ್ದರು. ಕರವಸ್ತ್ರಗಳು ಒಣಗಿಯೇ ಇದ್ದವು. ಈಗ ಹೇಳಲೋ, ಕುಡಿದು ಮುಗಿಸಿದ ಮೇಲೆ ಹೇಳಲೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಗುಳೇದಗುಡ್ಡದ ಬಸ್ಸು ಬಂತು. ಅಕ್ಕ ಗಡಿಬಿಡಿಯಿಂದ ಎದ್ದು, ಕೊನೆಯ ಗುಟುಕು ಕುಡಿಯುತ್ತಲೇ ಬಸ್ಸಿನ ಕಡೆ ನಡೆದರು. ಬಾಟಲಿ ಅವರ ಕೈಯಲ್ಲಿಯೇ ಇತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

"ಬಾಟ್ಲಿ ಇಟ್ಟು ಹೋಗ್ರೀ!"

ಕೂಗಿದ್ದು ನಾನೇ. ಅಕ್ಕ ತಿರುಗಿ ಬಂದು, ನಗುತ್ತಾ ಬಾಟಲಿಯನ್ನು ಕಟ್ಟೆಯ ತುದಿಗೆ ಇಟ್ಟರು. "ತಗೋಪಾ, ನಿನ್ನ ಜೀವಾ." ನಾನು ಅದನ್ನೆತ್ತಿಕೊಂಡು ಕಟ್ಟೆಯ ಹಿಂದಿನಿಂದ ಹೊಟ್ಟೆಸಹಿತ ಹೊರಬರುವಷ್ಟರಲ್ಲಿ ಅವರು ಹತ್ತಿಯಾಗಿತ್ತು, ಬಸ್ಸು ಹೊರಟಿತ್ತು.

ಗುಳೇದಗುಡ್ಡ ದೂರವೇನಲ್ಲ. ಹೋಗಿ ಕೊಟ್ಟು ಬರೋಣವೆಂದು ಪ್ರತಿ ಮಂಗಳವಾರ ಅದನ್ನು ಟವೆಲ್ಲಿನಲ್ಲಿ ಸುತ್ತುತ್ತೇನೆ. ದಾರಿಯಲ್ಲಿ ಒಡೆದರೆ ಎಂದು ಮತ್ತೆ ಬಿಚ್ಚಿ ನಮ್ಮ ಕಿಟಕಿಯಲ್ಲಿ ಇಡುತ್ತೇನೆ. ಆ ಕೊನೆಯ ದಿನ ತಪ್ಪಿದ್ದು ಅದೊಂದೇ: ಬಾಟಲಿ ಬೇರೆ ಕಿಟಕಿಯಲ್ಲಿದೆ.